ಟ್ಯಾಂಕಿನ ಮುಳ್ಳು, ಮಾವನ ಒಳಹರಿವು

ಅಡುಗೆಮನೆ ಬಾಗಿಲ ಪಕ್ಕದ ಗೋಡೆಗೆ ಹಳೇ ಟ್ಯಾಬ್ಲೆಟ್ ಒಂದನ್ನು ಅಂಟಿಸಿದ್ದೇನೆ. ಮಗಳು ಆನ್‌ಲೈನ್ ಪಾಠ ಕೇಳಿ ಕೇಳಿ ಸವೆಸಿದ್ದು. ಒಂದು ಮೂಲೆ ಸೀಳಿದೆ, ಚಾರ್ಜರ್ ಕಿತ್ತರೆ ಹತ್ತು ನಿಮಿಷಕ್ಕೆ ಪ್ರಾಣ ಬಿಡುತ್ತದೆ. ಅದರ ಮೇಲೆ ಹೋಮ್ ಅಸಿಸ್ಟೆಂಟ್ ಅನ್ನುವ, ಮನೆಯ ಸಾಧನಗಳನ್ನೆಲ್ಲ ಒಂದೆಡೆ ನೋಡಿ ನಡೆಸುವ ತಂತ್ರಾಂಶದ ಡ್ಯಾಶ್‌ಬೋರ್ಡು. ಮಹಡಿಯ ಟ್ಯಾಂಕಿನಲ್ಲಿ ನೀರು ಎಷ್ಟಿದೆ ಅನ್ನೋದು ಅಲ್ಲೊಂದು ಗೇಜಿನಲ್ಲಿ, ಸ್ಕೂಟರಿನ ಪೆಟ್ರೋಲ್ ಮುಳ್ಳಿನ ಹಾಗೆ, ಕಾಣಬೇಕು ಅನ್ನುವುದಷ್ಟೇ ನನ್ನ ಆಸೆಯಾಗಿತ್ತು. ಅಷ್ಟಕ್ಕೇ ಒಂದು ಭಾನುವಾರ ಪೂರ್ತಿ ಹೋಯಿತು. ಸಾರು ಸೀದು ಹೋಯಿತು. ಗೇಜು ಮಾತ್ರ ‘ಎಂಟಿಟಿ ಈಸ್ ನಾನ್-ನ್ಯೂಮರಿಕ್’ (ನೀನು ತೋರಿಸಿದ ವಸ್ತುವಿನಲ್ಲಿ ಸಂಖ್ಯೆಯೇ ಇಲ್ಲ) ಅಂತ ಅದೇ ಒಂದು ಸಾಲು ಹೇಳುತ್ತಾ ಕೂತಿತ್ತು.

ತಪ್ಪು ನನ್ನದೇ. ಟ್ಯಾಂಕಿನ ಮುಚ್ಚಳಕ್ಕೆ ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಿದ್ದೆ. ಕಾರಿನ ಹಿಂದಿನ ಬಂಪರಿನಲ್ಲಿ ಇರುತ್ತದಲ್ಲ, ಅಂಥದ್ದೇ, ನೀರು ತಾಗಿದರೂ ಕೆಡದ್ದು. ಅದು ಕಿವಿಗೆ ಕೇಳದ ಸದ್ದೊಂದನ್ನು ಕೆಳಗೆ ಬಿಡುತ್ತದೆ, ನೀರಿಗೆ ಬಡಿದು ವಾಪಸು ಬರಲು ಎಷ್ಟು ಹೊತ್ತಾಯಿತು ಅಂತ ನೋಡುತ್ತದೆ. ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳುವವಳಿಗೆ ಇದರಲ್ಲಿ ಹೊಸದೇನಿಲ್ಲ. ಆದರೆ ಸೆನ್ಸರಿಗೆ ಜೋಡಿಸಿದ ಪುಟ್ಟ ಸರ್ಕ್ಯೂಟ್ ಬೋರ್ಡು ಎಂಕ್ಯೂಟಿಟಿ (ಇಂಥ ಸಾಧನಗಳು ಪುಟ್ಟ ಸಂದೇಶ ಕಳಿಸುವ ಒಂದು ವಿಧಾನ) ಮೂಲಕ ಏನು ಕಳಿಸಬೇಕು ಅಂತ ತೀರ್ಮಾನಿಸಿದ್ದು ನಾನು, ಅದೂ ನಡುರಾತ್ರಿ, ನಿದ್ದೆಗಣ್ಣಿನಲ್ಲಿ. ಸೆನ್ಸರಿನ ‘ಸ್ಟೇಟ್’ (ಅದು ಕೊಡುವ ಒಂದೇ ಮುಖ್ಯ ಉತ್ತರ) ಆಗಿ ‘ಕಡಿಮೆ’, ‘ಸರಿ’, ‘ತುಂಬಿದೆ’ ಎಂಬ ಮೂರೇ ಪದ ಇಟ್ಟೆ, ಫೋನಿಗೆ ಬರುವ ಸಂದೇಶ ಚೆನ್ನಾಗಿ ಓದಿಸಿಕೊಳ್ಳಲಿ ಅಂತ. ಶೇಕಡಾವಾರು, ಸೆಂಟಿಮೀಟರ್, ವೈಫೈ ಸಿಗ್ನಲ್ ಎಲ್ಲವನ್ನೂ ಅಟ್ರಿಬ್ಯೂಟುಗಳಾಗಿ, ಅಂದರೆ ಆ ಉತ್ತರಕ್ಕೆ ಅಂಟಿಕೊಂಡ ಪಕ್ಕದ ವಿವರಗಳಾಗಿ, ಹಿಂದಕ್ಕೆ ತಳ್ಳಿದೆ. (ಅಟ್ರಿಬ್ಯೂಟಿಗೆ ಕನ್ನಡದಲ್ಲಿ ಏನನ್ನೋಣ? ‘ಗುಣಲಕ್ಷಣ’ ಅಂದರೆ ಮದುವೆ ದಲ್ಲಾಳಿ ಮಾತಾಡಿದ ಹಾಗಿರುತ್ತದೆ. ಅಟ್ರಿಬ್ಯೂಟ್ ಅಂತಲೇ ಇರಲಿ.) ನಾನು ಹಾಕಿಕೊಂಡ ಗೇಜು ನೋಡುವುದು ಸ್ಟೇಟನ್ನು. ಸ್ಟೇಟಿನಲ್ಲಿ ಅಂಕಿ ಇಲ್ಲ, ‘ಸರಿ’ ಅಂತ ಇದೆ. ‘ಸರಿ’ಯ ಕಡೆಗೆ ಮುಳ್ಳು ತಿರುಗಿಸು ಅಂದರೆ ಎತ್ತ ತಿರುಗಿಸೀತು?

ಗೋಡೆ ಮೇಲೆ ಮುಳ್ಳು ಬರುವ ಮೊದಲು ಆ ಪದವೇ ಒಂದು ವಾರ ಇತ್ತು. ಮಾವ ಬೆಳಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತು ಕೇಳಿದ್ದು ನೆನಪಿದೆ. “ಏನವ್ವ ಇದು, ‘ಸರಿ’ ಅಂತೈತೆ. ಸರಿ ಅಂದ್ರೆ ಎಷ್ಟು?”

ಇದು ನನ್ನೊಬ್ಬಳ ಎಡವಟ್ಟು ಅಲ್ಲ ಅನ್ನೋದು ಆಮೇಲೆ ಗೊತ್ತಾಯಿತು. ಆ ತಂತ್ರಾಂಶದಲ್ಲಿ ಎಷ್ಟೋ ವಸ್ತುಗಳು ಹೀಗೇ ಇವೆ. ಹವಾಮಾನದ ಸ್ಟೇಟ್ ‘ಮೋಡ’ ಅನ್ನುತ್ತದೆ. ಉಷ್ಣತೆ, ತೇವ, ಗಾಳಿಯ ವೇಗ ಎಲ್ಲ ಅಟ್ರಿಬ್ಯೂಟು. ಎಸಿಯದ್ದು ‘ಕೂಲ್’, ಕೋಣೆ ನಿಜಕ್ಕೂ ಎಷ್ಟು ಡಿಗ್ರಿ ಇದೆ ಅನ್ನೋದು ಅಟ್ರಿಬ್ಯೂಟು. ನನಗೆ ನಗು ಬಂದದ್ದು ಸೂರ್ಯನನ್ನು ನೋಡಿ. ಸಾಕ್ಷಾತ್ ಸೂರ್ಯನಿಗೂ ಅಲ್ಲಿ ಎರಡೇ ಸ್ಟೇಟು: ದಿಗಂತದ ಮೇಲಿದ್ದಾನೆ, ಇಲ್ಲವೇ ಕೆಳಗಿದ್ದಾನೆ. ಎಷ್ಟು ಡಿಗ್ರಿ ಮೇಲೇರಿದ್ದಾನೆ ಅನ್ನೋದು ಅಟ್ರಿಬ್ಯೂಟು. ಅದನ್ನೂ ಒಂದು ಗೇಜಿಗೆ ಹಾಕಿ ನೋಡಿದ್ದೇನೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಮುಳ್ಳು 54ರ ಹತ್ತಿರ ಸುಸ್ತಾಗಿ ನಿಲ್ಲುತ್ತದೆ. ಏಪ್ರಿಲ್ ಮೂರನೇ ನಾಲ್ಕನೇ ವಾರದಲ್ಲಿ 90ರ ತುದಿಗೇ ತಾಗುತ್ತದೆ. ಆಗ ಅಂಗಳದ ಕಂಬಕ್ಕೆ ನೆರಳೇ ಇರುವುದಿಲ್ಲ.

ದಾರಿ ಕೊನೆಗೆ ಸಿಕ್ಕಿತು, ಸುಲಭದ್ದೇ. ಟೆಂಪ್ಲೇಟ್ ಸೆನ್ಸರ್ ಅಂತ ಒಂದಿದೆ. ಇಂಥ ಎಂಟಿಟಿಯ ಇಂಥ ಅಟ್ರಿಬ್ಯೂಟನ್ನು ಎತ್ತಿಕೊಂಡು ಬಂದು ನಿನ್ನ ಸ್ವಂತ ಸ್ಟೇಟ್ ಮಾಡಿಕೋ ಅಂತ ಒಂದು ಸಾಲು ಬರೆದರೆ, ಹಿಂದಿನ ಬೆಂಚಿನಲ್ಲಿದ್ದ ಸಂಖ್ಯೆ ಹೊಸ ಹೆಸರಿನಲ್ಲಿ ಮುಂದಿನ ಬೆಂಚಿಗೆ ಬರುತ್ತದೆ. ಶೇಕಡಾ ಚಿಹ್ನೆ ಹಾಕಿ, ಇದು ಅಳತೆಯ ಸಂಖ್ಯೆ ಅಂತ ಹೇಳಿದರೆ ಇನ್ನೊಂದು ಲಾಭವೂ ಉಂಟು. ಮಾಮೂಲಾಗಿ ಹತ್ತು ದಿನಕ್ಕೆ ಅಳಿಸಿಹೋಗುವ ಇತಿಹಾಸದ ಬದಲು ಗಂಟೆಗೊಂದರಂತೆ ಲೆಕ್ಕ ವರ್ಷಗಟ್ಟಲೆ ಉಳಿಯುತ್ತದೆ. ಅಟ್ರಿಬ್ಯೂಟಾಗಿಯೇ ಬಿದ್ದಿದ್ದರೆ ಆ ಭಾಗ್ಯ ಇಲ್ಲ.

ಪೇಪರಿನ ಆ ಚೌಕ

ಮಾವನ ಊರು ಪಾಂಡವಪುರದ ಕಡೆ. ಕೆಆರ್‌ಎಸ್‌ನಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರಲ್ಲಿ ಭತ್ತ, ಕಬ್ಬು ಬೆಳೆದವರು. ಅತ್ತೆ ಹೋದ ಮೇಲೆ ಮೈಸೂರಿಗೆ ನಮ್ಮ ಜೊತೆ ಬಂದರು. ಗದ್ದೆ ಈಗ ವಾರಕ್ಕೆ, ಅಂದರೆ ಪಾಲಿಗೆ, ಕೊಟ್ಟಾಗಿದೆ, ಆದರೆ ಪೇಪರ್ ಬಂದ ತಕ್ಷಣ ಅವರ ಬೆರಳು ಹೋಗುವುದು ಜಲಾಶಯಗಳ ಚೌಕಕ್ಕೇ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಮನೆಯೊಳಗೆ ಪೆನ್ಸಿಲಿನಿಂದ ಬರೆದುಕೊಳ್ಳುತ್ತಾರೆ. ಪಕ್ಕದಲ್ಲೇ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ.

ಅವರು ಮಟ್ಟವನ್ನು ಓದಿ ಪೇಪರ್ ಮಡಿಸಿದ್ದನ್ನು ನಾನು ನೋಡಿಲ್ಲ. ಕಣ್ಣು ಯಾವಾಗಲೂ ಮುಂದಿನ ಕಾಲಮ್ಮಿಗೆ ಜಾರುತ್ತದೆ. ಒಮ್ಮೆ ಜುಲೈಯಲ್ಲಿ, “ನೂರು ಅಡಿ ಆಯ್ತಂತೆ ಮಾವ” ಅಂತ ನಾನು ಖುಷಿಯಿಂದ ಹೇಳಿದ್ದಕ್ಕೆ ಅವರು ತಲೆಯನ್ನೇ ಎತ್ತಲಿಲ್ಲ. “ಮಟ್ಟ ಕಟ್ಕಂಡ್ ಏನ್ ಮಾಡೀಯವ್ವ. ಒಳಹರಿವು ಎಷ್ಟೈತೆ ಓದು.” ಆಮೇಲೆ ಅವರೇ ಲೆಕ್ಕ ಹೇಳಿದರು: ಹನ್ನೊಂದೂವರೆ ಸಾವಿರ ಕ್ಯುಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಕಾಲೇಜಿಗೆ ಹೋಗಿ ಕ್ಯಾಲ್ಕುಲೇಟರಿನಲ್ಲಿ ಒಂದು ಟಿಎಂಸಿಯ ನೂರು ಕೋಟಿ ಘನ ಅಡಿಯನ್ನು ದಿನದ 86,400 ಸೆಕೆಂಡಿಗೆ ಭಾಗಿಸಿದೆ. ಸೆಕೆಂಡಿಗೆ 11,574 ಘನ ಅಡಿ, ಅಂದರೆ ಅಷ್ಟೇ ಕ್ಯುಸೆಕ್ ಬಂತು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವರು.

ನೂರು ಅಡಿಯ ಬಗ್ಗೆ ಅವರ ತಾತ್ಸಾರಕ್ಕೂ ಅರ್ಥ ಇತ್ತು. 124.80ರಲ್ಲಿ ನೂರು ಅಂದರೆ ನಾವು ಶೇಕಡಾ 80 ಅಂದುಕೊಳ್ಳುತ್ತೇವೆ. ಆದರೆ ಅಣೆಕಟ್ಟಿನ ಹಿಂದಿನ ಕಣಿವೆ ನಮ್ಮ ಪ್ಲಾಸ್ಟಿಕ್ ಟ್ಯಾಂಕಿನಂತೆ ಮೇಲಿಂದ ಕೆಳಗೆ ಒಂದೇ ಅಗಲ ಇರುವುದಿಲ್ಲ, ಮೇಲೆ ಹೋದಷ್ಟೂ ಹರಡಿಕೊಳ್ಳುತ್ತದೆ. ಒಟ್ಟು 49.45 ಟಿಎಂಸಿ ಹಿಡಿಯುವ ಕೆಆರ್‌ಎಸ್ ನೂರು ಅಡಿಯಲ್ಲಿದ್ದಾಗ ಅದರ ಅರ್ಧದಷ್ಟೂ ನೀರಿರುವುದಿಲ್ಲ. ಕೊನೆಯ ಇಪ್ಪತ್ತೈದು ಅಡಿಯಲ್ಲೇ ಅರ್ಧಕ್ಕಿಂತ ಹೆಚ್ಚು ಕೂತಿರುತ್ತದೆ. ಬರೀ ಅಡಿ ನೋಡಿ ನಾಟಿಗೆ ಇಳಿದವನು ಕೆಟ್ಟ.

ನನ್ನ ಭಾನುವಾರದ ತಲೆನೋವು ಆ ಚೌಕದಲ್ಲೇ ಬಿಡಿಸಿಟ್ಟ ಹಾಗಿತ್ತು. ಮಟ್ಟ ಅನ್ನೋದು ಸ್ಟೇಟು, ಒಳಹರಿವು ಹೊರಹರಿವು ಅಟ್ರಿಬ್ಯೂಟು. ಪೇಪರಿನವರು ಮಟ್ಟವನ್ನು ಮೊದಲ ಕಾಲಮ್ಮಿನಲ್ಲಿ ಇಟ್ಟಿದ್ದಾರೆ, ಓದುವವನು ಬೇಕಾದ ಕಾಲಮ್ಮಿಗೆ ಹೋಗುತ್ತಾನೆ. ಯಾವುದು ಮುಖ್ಯ, ಯಾವುದು ಅದರ ಬಾಲ ಅನ್ನೋದು ನೀರಿಗೆ ಗೊತ್ತಿಲ್ಲ. ಬರೆದವಳು ನಿದ್ದೆಗಣ್ಣಿನಲ್ಲಿ ತೀರ್ಮಾನ ಮಾಡಿರುತ್ತಾಳೆ, ಗೇಜು ಅದನ್ನೇ ವೇದ ಅಂದುಕೊಳ್ಳುತ್ತದೆ.

ಮುಳ್ಳಿನ ಎರಡು ತುದಿ

ಸಂಖ್ಯೆಯನ್ನು ಮುಂದಿನ ಬೆಂಚಿಗೆ ತಂದ ಮೇಲೆ ಗೇಜು ಎರಡು ಪ್ರಶ್ನೆ ಕೇಳುತ್ತದೆ. ಕನಿಷ್ಠ ಎಷ್ಟು? ಗರಿಷ್ಠ ಎಷ್ಟು? ಉತ್ತರ ಕೊಡದಿದ್ದರೆ ತಾನೇ 0 ಮತ್ತು 100 ಅಂದುಕೊಳ್ಳುತ್ತದೆ. ಶೇಕಡಾವಾರಿಗೆ ಅದೇ ಸರಿ ಅಲ್ಲವೇ ಅನಿಸಿತ್ತು.

ಮತ್ತೆ ಆ ಚೌಕಕ್ಕೇ ಬನ್ನಿ. ಕೆಆರ್‌ಎಸ್ 124.80, ಭದ್ರಾ 186. ಆದರೆ ಕಬಿನಿ 2284 ಅಡಿ, ಹೇಮಾವತಿ 2922, ಲಿಂಗನಮಕ್ಕಿ 1819. ಆಲಮಟ್ಟಿ ಬಂದರೆ ಅಡಿಯೂ ಅಲ್ಲ, 519.60 ಮೀಟರ್. ಚಿಕ್ಕವಳಿದ್ದಾಗ ಕಬಿನಿ ಕೆಆರ್‌ಎಸ್‌ಗಿಂತ ಇಪ್ಪತ್ತು ಪಟ್ಟು ಎತ್ತರದ ಅಣೆಕಟ್ಟು ಅಂತ ನಂಬಿದ್ದೆ. ಕಬಿನಿಯದು ಸಮುದ್ರಮಟ್ಟದಿಂದ ಎಣಿಸಿದ್ದು, ಕೆಆರ್‌ಎಸ್‌ನದು ಅಣೆಕಟ್ಟಿನ ಬುಡದಿಂದ ಎಣಿಸಿದ್ದು ಅಂತ ತಿಳಿದದ್ದು ಎಷ್ಟೋ ಆಮೇಲೆ. ಈಗ ಕಬಿನಿಯನ್ನು ನನ್ನ ಡ್ಯಾಶ್‌ಬೋರ್ಡಿನ ಅರ್ಧಚಂದ್ರದ ಗೇಜಿಗೆ ಹಾಕಿ, ಕನಿಷ್ಠ 0, ಗರಿಷ್ಠ 2284 ಅಂತ ಕೊಟ್ಟೆ ಅಂದುಕೊಳ್ಳಿ. ಜಲಾಶಯ ಮೂವತ್ತು ಅಡಿ ಇಳಿದರೂ ಮುಳ್ಳು ಎರಡೂವರೆ ಡಿಗ್ರಿಯಷ್ಟೂ ಕದಲುವುದಿಲ್ಲ. ಕೆಳಗೆ ಗದ್ದೆ ಒಣಗುತ್ತಿರುತ್ತದೆ, ಗೋಡೆಯ ಮೇಲೆ ಮುಳ್ಳು ಹಸಿರಲ್ಲಿ ನಿಂತಿರುತ್ತದೆ. ಅಳತೆಯಲ್ಲಿ ಒಂದಂಗುಲ ಸುಳ್ಳಿಲ್ಲ, ಆದರೂ ನೋಡಿದವನಿಗೆ ಏನೂ ತಿಳಿಯುವುದಿಲ್ಲ.

ನಮ್ಮ ಟ್ಯಾಂಕಿಗೂ ತುದಿ ಹುಡುಕಬೇಕಾಯಿತು. ಸಾವಿರ ಲೀಟರಿನದು, ತಳದಿಂದ ತುಂಬಿದ ಗೆರೆಯವರೆಗೆ ಸರಿಯಾಗಿ ಒಂದು ಮೀಟರ್, ಅಂದರೆ ಸೆಂಟಿಮೀಟರಿಗೆ ಹತ್ತು ಲೀಟರ್. ಲೆಕ್ಕಕ್ಕೆ ಚಂದ. ಆದರೆ ನಲ್ಲಿಗೆ ಹೋಗುವ ಪೈಪು ತಳದಿಂದ ಎಂಟು ಸೆಂಟಿಮೀಟರ್ ಮೇಲಿದೆ. ಅದರ ಕೆಳಗಿನ ನೀರು ಇದ್ದೂ ಇಲ್ಲ. ಪಾಚಿ ಮತ್ತು ಎಲ್ಲಿಂದಲೋ ಬಂದ ಮರಳಿನ ಜೊತೆ ಅಲ್ಲೇ ಮಲಗಿರುತ್ತದೆ. ಹಾಗಾಗಿ ನನ್ನ ಗೇಜಿನ ಕನಿಷ್ಠ 8. ಮೇಲಿನ ತುದಿಯದು ಬೇರೆ ಕಥೆ. ಈ ಸೆನ್ಸರಿಗೆ ಇಪ್ಪತ್ತು ಚಿಲ್ಲರೆ ಸೆಂಟಿಮೀಟರಿಗಿಂತ ಹತ್ತಿರದ್ದು ಕಾಣುವುದಿಲ್ಲ, ಚಾಳೀಸು ಬಂದವರ ಹಾಗೆ. ಟ್ಯಾಂಕು ತುಂಬುತ್ತಾ ಬಂದಂತೆ ಬಾಯಿಗೆ ಬಂದ ಅಂಕಿ ಹೇಳುತ್ತಿತ್ತು. ಕೊನೆಗೆ ಮುಚ್ಚಳದ ಮೇಲೆ ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡು ನಿಲ್ಲಿಸಿ ಅದರ ತಲೆಗೆ ಸೆನ್ಸರ್ ಕಟ್ಟಿದೆ. ಕೆಳಗಿನಿಂದ ನೋಡಿದರೆ ಟ್ಯಾಂಕು ಟೋಪಿ ಹಾಕಿಕೊಂಡ ಹಾಗಿದೆ.

ಬಿಸಿಲಿನ ಲೆಕ್ಕ ನನಗೆ ಬಿಟ್ಟುಹೋಗಿತ್ತು, ನಾಚಿಕೆಯ ವಿಷಯ. ಗಾಳಿ ಬಿಸಿಯಾದಂತೆ ಸದ್ದು ಬೇಗ ಓಡುತ್ತದೆ: 25 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 346 ಮೀಟರ್, 40ರಲ್ಲಿ 355. ಬೋರ್ಡಿಗೆ ಮಾತ್ರ ನಾನು ಒಂದೇ ವೇಗ ಹೇಳಿಕೊಟ್ಟಿದ್ದೆ. ಆದ್ದರಿಂದ ಏಪ್ರಿಲ್ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಿದ್ದಾಗ, ಮೋಟರೂ ಓಡದಿದ್ದಾಗ, ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ತಾನಾಗಿಯೇ ಎರಡು ಸೆಂಟಿಮೀಟರ್ ಏರುತ್ತಿತ್ತು. ಒಂದು ಬಕೆಟ್ ನೀರು ಬಿಸಿಲಿಗೆ ಹುಟ್ಟಿ ಸಂಜೆಗೆ ಸಾಯುತ್ತಿತ್ತು.

ಏಪ್ರಿಲ್ ರಾತ್ರಿಯ ಮಳೆ

ಇಷ್ಟೆಲ್ಲ ಆದ ಮೇಲೆ ಧೈರ್ಯ ಬಂತು. ಮೋಟರಿನ ಸ್ವಿಚ್ಚನ್ನೂ ಅದಕ್ಕೇ ಜೋಡಿಸಿದೆ. ಟ್ಯಾಂಕು ಶೇಕಡಾ 15ಕ್ಕಿಂತ ಇಳಿದರೆ ಮೋಟರ್ ಹಾಕು, 95 ದಾಟಿದರೆ ನಿಲ್ಲಿಸು. ಒಂದೂವರೆ ತಿಂಗಳು ಚೆನ್ನಾಗಿ ನಡೆಯಿತು. ನಮ್ಮನೆಯವರು ಸ್ನೇಹಿತರಿಗೆಲ್ಲ ತೋರಿಸಿ ಮೀಸೆ ತಿರುವಿದರು.

ಒಂದು ರಾತ್ರಿ ಬಾಗಿಲ ಚಿಲಕ ತೆಗೆದ ಸದ್ದಿಗೆ ಎಚ್ಚರವಾಯಿತು. ಗಂಟೆ ಎರಡು ನಲವತ್ತು. ಹೊರಗೆ ಬಂದರೆ ಮಾವ ಅಂಗಳದಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದಾರೆ, ಮುಖ ಮೇಲಕ್ಕೆ. ಆಕಾಶದ ತುಂಬ ನಕ್ಷತ್ರ. ಮಹಡಿಯ ಮೂಲೆಯಿಂದ ನೀರು ಧೋ ಅಂತ ಪಕ್ಕದ ಮನೆಯ ಶೀಟಿನ ಮೇಲೆ ಸುರಿಯುತ್ತಿದೆ.

“ಮಳೆ ಉಯ್ತಾ ಐತೆ ಅಂದ್ಕಂಡೆ ಕಣವ್ವ” ಅಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದಿದ್ದರೆ ವಾಸಿಯಿತ್ತು. ಆ ವರ್ಷ ಯುಗಾದಿ ಕಳೆದರೂ ಒಂದು ಹನಿ ಬಿದ್ದಿರಲಿಲ್ಲ. ಶೀಟಿನ ಮೇಲೆ ನೀರು ಬಿದ್ದ ಸದ್ದಿಗೆ ಎದ್ದು, ಕತ್ತಲಲ್ಲೇ ಚಪ್ಪಲಿಯನ್ನೂ ಹುಡುಕದೆ ಬಂದಿದ್ದರು.

ಓಡಿಹೋಗಿ ಮೋಟರ್ ಆರಿಸಿದೆ. ಬೆಳಗ್ಗೆ ಲಾಗ್ ತೆಗೆದು ನೋಡಿದರೆ ಕಥೆ ಅಲ್ಲೇ ಇತ್ತು. 1:20ಕ್ಕೆ ಸೆನ್ಸರಿನ ಚಾರ್ಜರ್ ಕೆಟ್ಟು ಬೋರ್ಡು ಸತ್ತಿದೆ. ಆಗ ಟ್ಯಾಂಕಿನಲ್ಲಿ ಶೇಕಡಾ 62 ಇತ್ತು. ನನ್ನ ಟೆಂಪ್ಲೇಟಿನಲ್ಲಿ ನಾನೇ ಒಂದು ಜಾಣತನ ಮಾಡಿದ್ದೆ. ಅಟ್ರಿಬ್ಯೂಟನ್ನು ಸಂಖ್ಯೆ ಮಾಡುವ ಜಾಗದಲ್ಲಿ, ಅದು ಸಿಗದಿದ್ದರೆ 0 ಅಂತ ಇಟ್ಟುಕೋ ಎಂದು ಬರೆದಿದ್ದೆ. ಹಾಗೆ ಬರೆಯದಿದ್ದರೆ ಎರರ್ ಬರುತ್ತದೆ, ಕೆಂಪು ಅಕ್ಷರ ಕಂಡರೆ ನನಗೆ ಆಗುವುದಿಲ್ಲ. ಬಹಳ ಜನ ಹೀಗೇ ಬರೆಯುತ್ತಾರೆ. ಎರರ್ ಬರಲಿಲ್ಲ. 62 ಇದ್ದದ್ದು ಕಣ್ಣು ಮಿಟುಕಿಸುವುದರಲ್ಲಿ 0 ಆಯಿತು. 15ಕ್ಕಿಂತ ಕೆಳಗೆ ಬಂತಲ್ಲ, ಮೋಟರ್ ಹತ್ತಿತು. ನಿಲ್ಲಿಸಲು 95 ದಾಟಬೇಕು. ಸತ್ತ ಸೆನ್ಸರ್ 95 ಹೇಳುವುದುಂಟೇ? ನಿಮಿಷಕ್ಕೆ ಮೂವತ್ತು ಲೀಟರ್ ಎತ್ತುವ ಮೋಟರು ಹದಿಮೂರು ನಿಮಿಷದಲ್ಲಿ ಟ್ಯಾಂಕು ತುಂಬಿಸಿ, ಉಳಿದ ಒಂದು ಗಂಟೆಯ ಮೇಲೆ ಸಂಪಿನ ಎರಡು ಸಾವಿರ ಲೀಟರನ್ನು ಪಕ್ಕದವರ ಶೀಟಿಗೆ ಅಭಿಷೇಕ ಮಾಡಿತ್ತು. ದಿನ ಬಿಟ್ಟು ದಿನ ನೀರು ಬಿಡುವ ಬಡಾವಣೆ ನಮ್ಮದು. ಪಕ್ಕದ ಮನೆಯ ಅಜ್ಜಿಗೆ ನಾನು ಏನು ಹೇಳಿದೆ, ಅವರು ಏನು ಹೇಳಿದರು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ.

ಆ ಇಡೀ ಹೊತ್ತು ಗೋಡೆಯ ಟ್ಯಾಬ್ಲೆಟ್ಟಿನಲ್ಲಿ ಗೇಜು ನೆಟ್ಟಗಿತ್ತು. ಮುಳ್ಳು ಎಡತುದಿಯಲ್ಲಿ, ಕೆಂಪು ಬಣ್ಣ, ಕೆಳಗೆ ದಪ್ಪಕ್ಷರದಲ್ಲಿ 0. ನೋಡಿದವರು ಯಾರೇ ಆದರೂ ಟ್ಯಾಂಕು ಖಾಲಿ ಅಂತಲೇ ನಂಬುತ್ತಿದ್ದರು. ‘ಖಾಲಿ’ ಮತ್ತು ‘ಗೊತ್ತಿಲ್ಲ’ ಎರಡನ್ನೂ ನಾನು ಒಂದೇ ಕಡೆ ಕೂರಿಸಿದ್ದೆ. ಪೇಪರಿನ ಚೌಕದಲ್ಲಿ ಯಾವುದಾದರೂ ಜಲಾಶಯದ ಅಂಕಿ ಸಿಗದ ದಿನ ಅಲ್ಲೊಂದು ಅಡ್ಡಗೆರೆ ಇರುತ್ತದೆ. ಅವತ್ತು ಮಾವ ಕ್ಯಾಲೆಂಡರಿನಲ್ಲೂ ಅಡ್ಡಗೆರೆಯನ್ನೇ ಎಳೆಯುತ್ತಾರೆ. ಒಂದು ಸಲವೂ ಅಲ್ಲಿ ಸೊನ್ನೆ ಬರೆದವರಲ್ಲ.

ಟೆಂಪ್ಲೇಟಿನಲ್ಲಿ ಆ ಅಡ್ಡಗೆರೆಗೂ ಜಾಗ ಇದೆ, ನಾನು ಬಳಸಿರಲಿಲ್ಲ ಅಷ್ಟೆ. ‘ಅವೈಲಬಿಲಿಟಿ’ ಅಂತ ಇನ್ನೊಂದು ಸಾಲು ಬರೆದು, ಅಟ್ರಿಬ್ಯೂಟು ಸಂಖ್ಯೆಯಾಗಿ ಇದ್ದರೆ ಮಾತ್ರ ಈ ಸೆನ್ಸರ್ ಇದೆ ಅಂತ ಲೆಕ್ಕ, ಇಲ್ಲವಾದರೆ ಇಲ್ಲ ಅಂತ ಹೇಳಬೇಕು. ಈಗ ಸೆನ್ಸರ್ ಸತ್ತರೆ ಮುಳ್ಳಿನ ಬದಲು ‘ಲಭ್ಯವಿಲ್ಲ’ ಅನ್ನುವ ಸೂಚನೆ ಬರುತ್ತದೆ. ನೋಡಲು ಚೆನ್ನಾಗಿಲ್ಲ, ಇರಲಿ. ಮೋಟರಿಗೆ ಬೇರೆಯಾಗಿ ಇನ್ನೊಂದು ಕಟ್ಟಪ್ಪಣೆ: ಯಾರು ಏನೇ ಹೇಳಲಿ, ಮೂವತ್ತೈದು ನಿಮಿಷಕ್ಕೆ ನಿಲ್ಲು. ಸೊನ್ನೆಯಿಂದ ತುಂಬಿಸಿದರೂ ಅದಕ್ಕಿಂತ ಹೆಚ್ಚು ಹೊತ್ತು ಬೇಡ.

ಹೊರಹರಿವು

ಮಾವನಿಗೆ ಒಳಹರಿವು ಬೇಕಿತ್ತು. ಮಟ್ಟದ ಪಕ್ಕ ಇನ್ನೊಂದು ಗೇಜು ಹಾಕಿಕೊಟ್ಟೆ. ಹೋಮ್ ಅಸಿಸ್ಟೆಂಟಿನಲ್ಲಿ ಡೆರಿವೇಟಿವ್ ಅಂತ ಸಿದ್ಧ ಸಲಕರಣೆಯೇ ಇದೆ, ಮಕ್ಕಳಿಗೆ ನಾವು ಹೇಳಿಕೊಡುವ ಅವಕಲನವೇ. ನಿಮಿಷಕ್ಕೆ ಎಷ್ಟು ಲೀಟರ್ ಏರುತ್ತಿದೆ, ಇಳಿಯುತ್ತಿದೆ ಅಂತ ತೋರಿಸುತ್ತದೆ. ಎಡತುದಿ ಮೈನಸ್ 40, ಬಲತುದಿ 40, ನಡುವೆ ನೆಟ್ಟಗೆ ಸೊನ್ನೆ. ಮೋಟರ್ ಹಾಕಿದರೆ ಮುಳ್ಳು ಬಲಕ್ಕೆ ವಾಲುತ್ತದೆ, ವಾಷಿಂಗ್ ಮೆಷಿನ್ ಹಾಕಿದರೆ ಎಡಕ್ಕೆ. ಮಾವ ಎರಡು ದಿನ ಅದನ್ನೇ ನೋಡುತ್ತಾ ಕೂತರು, ಮಗಳು ಸ್ನಾನಕ್ಕೆ ಹೋದರೆ “ಹೊರಹರಿವು ಜಾಸ್ತಿ ಆಯ್ತು, ಗೇಟ್ ಇಳಿಸವ್ವ” ಅಂತ ಬಚ್ಚಲ ಬಾಗಿಲು ಬಡಿದರು.

ಕ್ಯಾಲೆಂಡರನ್ನು ಮಾತ್ರ ಬಿಡಲಿಲ್ಲ. ಕೆಆರ್‌ಎಸ್ ಕೆಳಗೆ ಈಗ ನಮ್ಮ ಟ್ಯಾಂಕಿನದೂ ಒಂದು ಸಾಲು ಸೇರಿತು, ಮಲಗುವಾಗಿನ ಶೇಕಡಾ ಮತ್ತು ಎದ್ದಾಗಿನ ಶೇಕಡಾ. ಹದಿನೈದು ದಿನ ಆಗಿರಬೇಕು, ಒಂದು ಬೆಳಗ್ಗೆ ನನ್ನನ್ನು ಕ್ಯಾಲೆಂಡರಿನ ಹತ್ತಿರ ಕರೆದರು.

“ರಾತ್ರಿ ಐವತ್ನಾಕು ಇತ್ತು. ಈಗ ಐವತ್ತು. ನಿನ್ನೆನೂ ನಾಕು, ಮೊನ್ನೆನೂ ನಾಕು. ಎಲ್ಲ ಮಲಗಿರೋವಾಗ ನಾಕು ಎಲ್ಲೋಯ್ತದವ್ವ?”

“ಅದು ತಂಪಿಗೆ ಹಾಗೆ ಕಾಣುತ್ತೆ ಮಾವ. ರಾತ್ರಿ ಗಾಳಿ ತಣ್ಣಗಾದರೆ ಸದ್ದು ನಿಧಾನ ಆಗುತ್ತೆ, ನೀರು ಕೆಳಗೆ ಹೋದ ಹಾಗೆ ತೋರಿಸುತ್ತೆ. ಹೊರಹರಿವಿನ ಮುಳ್ಳು ನೋಡಿ, ರಾತ್ರಿಯೆಲ್ಲ ಸೊನ್ನೆಯಲ್ಲೇ ಇತ್ತು.”

ಅವರು ಮುಳ್ಳನ್ನು ನೋಡಿದರು, ಕ್ಯಾಲೆಂಡರ್ ನೋಡಿದರು, ನನ್ನನ್ನು ನೋಡಿದರು. ಏನೂ ಅನ್ನಲಿಲ್ಲ.

ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಕೂತು ಲೆಕ್ಕ ಮಾಡಿದೆ. ರಾತ್ರಿ ಹನ್ನೊಂದಕ್ಕೆ 28 ಡಿಗ್ರಿ, ಬೆಳಗ್ಗೆ ಐದಕ್ಕೆ 22 ಅಂದುಕೊಂಡರೂ ತಂಪಿನ ಪಾಲು ಎಂಟು ಮಿಲಿಮೀಟರ್ ಅಷ್ಟೇ. ಉಳಿದದ್ದು ಮೂರು ಸೆಂಟಿಮೀಟರಿಗೂ ಮೇಲೆ, ಅಂದರೆ ಮೂವತ್ತು ಚಿಲ್ಲರೆ ಲೀಟರ್. ಆರು ಗಂಟೆಗೆ ಹಂಚಿದರೆ ನಿಮಿಷಕ್ಕೆ ಒಂದು ಲೀಟರಿನ ಹತ್ತನೇ ಒಂದು ಪಾಲೂ ಇಲ್ಲ. ಮೈನಸ್ 40ರಿಂದ 40ರ ಗೇಜಿನಲ್ಲಿ ಅದು ಕೂದಲೆಳೆ. ಮುಳ್ಳು ಕದಲುವುದಾದರೂ ಹೇಗೆ? ಆ ತುದಿಗಳನ್ನು ಕೊಟ್ಟವಳು ಕಬಿನಿಯ ಮೇಲೆ ಅಷ್ಟು ಮಾತಾಡಿದ ನಾನೇ.

ಸಂಜೆ ಮನೆಗೆ ಬಂದಾಗ ಅಡುಗೆಮನೆಯ ಅರಿಶಿನದ ಡಬ್ಬಿ ಬಚ್ಚಲಿನ ಕಟ್ಟೆಯ ಮೇಲಿತ್ತು. ಮಧ್ಯಾಹ್ನ ಮಾವ ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತಿ ಒಂದು ಚಮಚ ಹಾಕಿ, ಯಾರೂ ಆ ಕಡೆ ಹೋಗಕೂಡದು ಅಂತ ಮಗಳಿಗೆ ತಾಕೀತು ಮಾಡಿದ್ದರಂತೆ. ಕೈ ಹಿಡಿದು ಕರೆದುಕೊಂಡು ಹೋಗಿ ದೀಪ ಹಾಕಿದರು. ಕಮೋಡಿನ ಬಿಳಿಯ ಒಳಮೈ ಮೇಲೆ ಹಿಂದಿನಿಂದ ಮುಂದಕ್ಕೆ ಹಳದಿಯ ಸಣ್ಣ ದಾರವೊಂದು ಇಳಿದಿತ್ತು, ತಳದ ನೀರು ಮದುವೆಮನೆಯ ಓಕುಳಿಯ ಹಾಗೆ ಬಣ್ಣ ಕಟ್ಟಿತ್ತು.